ವಿಭೂತಿ ಹಚ್ಚಿದ ಕಂಪ್ಯೂಟರು

"ಓದೋ ತಮ್ಮ, ಗಟ್ಟಿಯಾಗಿ ಓದು. ಹೊಸ್ತಿಲ ಹೊರಗ ಕುಂತಾಕಿಗೂ ಕೇಳ್ಲಿ."

ಅಮರೇಶ್ ಕಂಪ್ಯೂಟರಿನ ಮುಂದೆ ಕೂತು ಬೆವರುತ್ತಿದ್ದ. ಕೊಟ್ಟೂರಿನ ಬಿಸಿಲಿಗೆ ಬೆವರದವರು ಯಾರು? ಆದರೆ ಅವನ ಮೈಯಿಂದ ಇಳಿಯುತ್ತಿದ್ದ ನೀರಿನಲ್ಲಿ ಎರಡು ಎಕರೆ ಮೆಣಸಿನ ಗಿಡ ನೆನೆಯುತ್ತಿದ್ದವು.

ಅವನ ಬೆನ್ನ ಹಿಂದೆ ನಿಂತವಳು ಕೂಡ್ಲಿಗಿಯ ಹಂಪಮ್ಮ. ಪೊಲೀಸ್ ಇಲಾಖೆಯಲ್ಲಿ ಕಂಪ್ಯೂಟರ್ ಕಳ್ಳರನ್ನು ಹಿಡಿದು ಹಿಡಿದು ನಿವೃತ್ತಳಾದವಳು. ಅವಳ ಕೈಗಿಂತ ನಾಲಿಗೆ ಉದ್ದ. ಆ ನಾಲಿಗೆಗೆ ಹೆದರಿ ಹಗರಿಬೊಮ್ಮನಹಳ್ಳಿಯ ಇಬ್ಬರು ಕಳ್ಳರು ಹಡಗಲಿಗೆ ಓಡಿಹೋಗಿ ಕಾವಿ ಉಟ್ಟರು ಎಂದು ಜನ ಹೇಳುತ್ತಾರೆ. ಕಾವಿ ಉಟ್ಟ ಮೇಲೂ ರಾತ್ರಿ ಬೆಚ್ಚಿ ಬೀಳುತ್ತಾರಂತೆ.

ಹೊಸ್ತಿಲ ಹೊರಗೆ ಕೂತವಳು ಅಮರೇಶನ ಹೆಂಡತಿ ಪುಷ್ಪಲತಾ. ಅವಳ ಮೇಲ್‌ನಿಂದ ಅಮಾವಾಸ್ಯೆಯ ಮಧ್ಯಾಹ್ನ ಒಂದು ಪತ್ರ ಹೋಗಿತ್ತು, ಅದರ ಹೆಸರಿನಲ್ಲಿ ಅವಳನ್ನು ತವರು ಹಲವಾಗಲಿಗೆ ಅಟ್ಟಿದ್ದರು. ಇವತ್ತು ಸಂಜೆ ಹಿರಿಯರು ಮಠದ ಕಟ್ಟೆಯ ಮೇಲೆ ಕೂಡಿ ಸೋಡಚೀಟಿ ಬರೆಸಿ ಗಂಡ ಹೆಂಡಿರ ಸಂಬಂಧ ಕಡಿಸುವವರಿದ್ದರು. ಗಂಡ ಹೋದರೆ ಹೋಗಲಿ, ಅಂಥ ಗಂಡ ಸಂತೆಯಲ್ಲಿ ಕೊಸರಿಗೂ ಸಿಗುತ್ತಾನೆ. ಆದರೆ ನಾಲ್ಕು ವರ್ಷದ ಮಗಳು ಗೌರಿಯನ್ನೂ ಈ ಮನೆಗೇ ಬಿಟ್ಟುಕೊಡಬೇಕಿತ್ತು. ಪತ್ರ ಬರೆದ ಕೈ ಯಾವುದೆಂದು ಅಷ್ಟರೊಳಗೆ ಹಂಪಮ್ಮ ತೋರಿಸಬೇಕು. ತೋರಿಸದಿದ್ದರೆ ಕೂಸು ಹೋಯಿತು.

ಅಮರೇಶ್ ಗಂಟಲು ಸರಿಮಾಡಿಕೊಂಡು ಓದಿದ.

"ಉಭಯ ಕುಶಲೋಪರಿ ಸಾಂಪ್ರತ. ಮುದುಕ ಮಾವನ ಹೊಲಸು ಬಾಚಿ ಬಾಚಿ ಸಾಕಾಗಿದೆ. ತಾವು ಬೇಗನೆ ಬಂದು ನನ್ನನ್ನು ಕರೆದುಕೊಂಡು ಹೋಗುವುದು. ಮಗಳು ಬೇಡ, ಅವಳನ್ನು ಇಲ್ಲೇ ಬಿಟ್ಟು ಬರುತ್ತೇನೆ. ಇಂತಿ ತಮ್ಮ ವಿಧೇಯಳು, ಪುಷ್ಪಲತಾ."

ಹೊರಗೆ ಕೂತವಳು ಅಳಲಿಲ್ಲ. ಅತ್ತು ಅತ್ತು ಹಲವಾಗಲಿನ ಹೊಳೆಯನ್ನೇ ಒಂದು ಮೊಳ ಏರಿಸಿ ಬಂದಿದ್ದಳು, ಕಣ್ಣಿನಲ್ಲಿ ಇನ್ನೊಂದು ತೊಟ್ಟು ಉಳಿದಿರಲಿಲ್ಲ. ಅವಳ ಪಕ್ಕದಲ್ಲಿ ತೆಂಗಿನ ಚಿಪ್ಪಿನಲ್ಲಿ ನೀರಿತ್ತು. ಅತ್ತೆ ನಾಗಲಿಂಗಮ್ಮ ಕೊಟ್ಟದ್ದು. ಮನೆಯಲ್ಲಿ ನಲವತ್ತು ಲೋಟಗಳಿದ್ದವು. ನಾಯಿಗೂ ಒಂದು ಸ್ಟೀಲಿನ ಬಟ್ಟಲಿತ್ತು.

"ಕೇಳಿದ್ರೇನ್ರಿ ಪೊಲೀಸಮ್ಮಾರ?" ನಾಗಲಿಂಗಮ್ಮ ಸೆರಗು ಝಾಡಿಸಿದಳು. "ಕೂಸು ಬ್ಯಾಡಂತ! ಹಡದ ಹೊಟ್ಟಿ ಐತ್ರಿ ಅದು? ಹಾಳು ಬಾವಿ ಐತಿ. ಹುಡುಕ್ಯಾಡಿ ನೋಡ್ರಿ, ಬೇಕಾದಷ್ಟು ನೋಡ್ರಿ. ನಮಗೇನು ಅಂಜಿಕಿ?"

ಸೊಸೆ ಕರೆಸಿದ ಪತ್ತೇದಾರಳನ್ನು ಅವಳು ಒಳಗೆ ಬಿಟ್ಟದ್ದು ಈ ಗರ್ವಕ್ಕೇ. ಹಂಪಮ್ಮ ಸೋತು ಹೋಗುವುದನ್ನು ಕಣ್ಣಾರೆ ಕಾಣಬೇಕಿತ್ತು.

ಕಿಟಕಿಯ ಸರಳಿಗೆ ಮುಖ ಒತ್ತಿ ಗೌರಿ ಹೊರಗಿನವಳನ್ನೇ ನೋಡುತ್ತಿದ್ದಳು.

"ಅಕಿ ಯಾರು ಗೊತ್ತೇನು ಪುಟ್ಟಿ?" ಹಂಪಮ್ಮ ಕೇಳಿದಳು.

"ನಮ್ಮವ್ವನಂಗ ಅದಾಳ," ಕೂಸು ಪಿಸುಗುಟ್ಟಿತು. "ಆದ್ರ ನಮ್ಮವ್ವ ಸತ್ತಾಳ. ಅಜ್ಜಿ ಹೇಳ್ಯಾಳ."

ಹಂಪಮ್ಮನ ಕೆನ್ನೆಯ ಒಂದು ನರ ಹಾರಿತು. ಅವಳೂ ಹಡೆದವಳು. ಆದರೆ ಸಿಟ್ಟು ಬಂದಾಗ ನಗುವುದು ಅವಳ ಹಳೆಯ ರೂಢಿ. ನಕ್ಕಳು. ಅವಳ ಆ ನಗೆ ಕಂಡವರು ಬಯ್ಗುಳವೇ ವಾಸಿ ಅನ್ನುತ್ತಿದ್ದರು.

ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಅಂಥ ಕಂಪ್ಯೂಟರನ್ನು ಅವಳು ಸರ್ವಿಸಿನಲ್ಲೇ ಕಂಡಿರಲಿಲ್ಲ. ಪರದೆಯ ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಕೀಬೋರ್ಡಿನ ಸಂದುಗಳಲ್ಲಿ ಅಕ್ಕಿಕಾಳು. ಮೇಲೆ ದಾರದಲ್ಲಿ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ.

"ಇದೇನಿದು?"

"ವೈರಸ್ ಬರಬಾರ್ದಂತ್ರಿ," ಗುಮಾಸ್ತ ಗಾದೆಪ್ಪ ಮೂಲೆಯಿಂದ ಹೇಳಿದ. ಇವರ ಶೇಂಗಾ ಮಂಡಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಮುದುಕ. ಮೈಯಲ್ಲಿ ಮಾಂಸವಿಲ್ಲ, ಮಾತಿನಲ್ಲಿ ದಮ್ಮಿಲ್ಲ.

"ಹೌದಲ್ಲ! ಮೆಣಸಿನಕಾಯಿ ಘಾಟಿಗೆ ವೈರಸ್ ಸೀನಿ ಸೀನಿ ಸಾಯ್ತೈತಿ. ಅಪ್‌ಡೇಟ್ ಮಾಡಿ ಎಷ್ಟು ದಿನ ಆತು?"

"ಅಪ್‌ಡೇಟ್ ಮಾಡು ಅಂತ ದಿನಾ ಕೇಳ್ತೈತ್ರಿ," ಅಮರೇಶ್ ಹೇಳಿದ. "ನಾವು ಆಮ್ಯಾಲೆ, ಆಮ್ಯಾಲೆ ಅಂತ ಒತ್ತತೀವಿ."

"ಚಲೋ ಆತು. ಪಾಸ್‌ವರ್ಡ್ ಏನು?"

ಮೂರು ಬಾಯಿ ಒಟ್ಟಿಗೆ ಅಂದವು: "ಕೊಟ್ಟೂರೇಶ."

"ಪುಷ್ಪಲತಾನ ಮೇಲಿಂದು?"

"ಅದೂ ಅದ ಐತ್ರಿ."

"ಅಂಗಡಿ ಮೇಲಿಂದು?"

"ಕೊಟ್ಟೂರೇಶ."

"ಬ್ಯಾಂಕಿಂದು?"

ಗಾದೆಪ್ಪ ನೆಲ ನೋಡಿದ. "ಕೊಟ್ಟೂರೇಶ, ಒಂದು ಎರಡು ಮೂರು."

"ಕಲ್ತಾರ ಮನಿ ನೋಡ್ರಿ ಇದು!" ಹಂಪಮ್ಮ ಚಪ್ಪಾಳೆ ತಟ್ಟಿದಳು.

"ಮನಿದೇವ್ರ ಹೆಸ್ರು ತಗದ್ರ ಯಾಪಾರ ಕೆಡ್ತೈತ್ರಿ," ನಾಗಲಿಂಗಮ್ಮ ಗದರಿದಳು. "ಇಕಿ ಬಂದ ವರ್ಷಾನ ಬದಲು ಮಾಡ್ತೀನಿ ಅಂದಿದ್ಲು. ಕೆನ್ನಿಗೆ ಒಂದು ಕೊಟ್ಟೆ. ದೇವ್ರ ಮ್ಯಾಲೆ ನಂಬಿಕಿಲ್ದ ಹೆಣ್ಣು ಅಂತ ಆವತ್ತ ಗೊತ್ತಾತು ನಂಗ."

"ಅಮ್ಮಾ ತಾಯಿ, ಈ ಊರಾಗ ಕಣ್ಣು ಮುಚ್ಚಿ ಯಾರ್ ಮನಿ ಕಂಪ್ಯೂಟರ್ ಮುಂದ ಕುಂತು ಆ ಹೆಸ್ರು ಒತ್ತಿದ್ರೂ ಬಾಗ್ಲ ತೆರಿತೈತಿ. ಕೀಲಿನ ಬೀದ್ಯಾಗ ನೇತ್ಹಾಕಿ ದೇವ್ರಿಗೆ ಕಾವಲು ನಿಲ್ಸೀರಿ. ಆತಗೇನು ಬ್ಯಾರೆ ಕೆಲ್ಸಿಲ್ಲ? ಒಂದೊಂದು ಬಾಗ್ಲಿಗೆ ಒಂದೊಂದು ಕೀಲಿ ಇಡ್ಬೇಕು. ಉದ್ದಂದು ಇಡ್ಬೇಕು. ಮನ್ಯಾಗಿನಾರಿಗೂ ಹೇಳ್ಬಾರ್ದು. ಕೆನ್ನಿಗೆ ಹೊಡಿಸ್ಕೊಂಡಾಕಿ ಹೇಳಿದ್ದು ಅದನ್ನ."

ಹೊರಗೆ ಪುಷ್ಪಲತಾ ತಲೆ ಎತ್ತಿದಳು. ಅಷ್ಟೇ. ಮತ್ತೆ ಬಗ್ಗಿಸಿದಳು.

ಹಂಪಮ್ಮ ಅಮರೇಶನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. ಪುಷ್ಪಲತಾಳ ಮೇಲ್ ಬಾಯಿ ತೆರೆದುಕೊಂಡೇ ಇತ್ತು. ಯಾರೂ ಯಾವತ್ತೂ ಅದನ್ನು ಲಾಗೌಟ್ ಮಾಡಿರಲಿಲ್ಲ. ಆ ಮನೆಯಲ್ಲಿ ದೀಪ ಆರಿಸುವುದಿಲ್ಲ, ಕಂಪ್ಯೂಟರ್ ಮುಚ್ಚುವುದಿಲ್ಲ.

"ಈ ಪತ್ರ ಯಾರಿಗೆ ಬರ್ದದ್ದು?"

"ಆ ಯರ್ರಿಸ್ವಾಮಿಗೆ," ಅಮರೇಶ್ ಹಲ್ಲು ಕಚ್ಚಿದ. "ಅವನ ಹೆಸರಿನ ವಿಳಾಸ ಐತಿ ನೋಡ್ರಿ. ಅವನ್ನ ಬಿಟ್ಟಿಲ್ಲ ನಾವು."

ಬಿಟ್ಟಿರಲಿಲ್ಲ, ನಿಜ. ಯಾವ ಯರ್ರಿಸ್ವಾಮಿ ಎಂದು ತಿಳಿಯದೆ, ಅರಸೀಕೆರೆ ಸಂತೆಯಲ್ಲಿ ಬಳೆ ಮಾರುವ ಒಬ್ಬ ಯರ್ರಿಸ್ವಾಮಿಯನ್ನು ಹಿಡಿದು ನಾಲ್ಕು ಜನ ಕಾಲು ಮುರಿದು ಬಂದಿದ್ದರು. ಹಲವಾಗಲಿನ ಹೆಣ್ಣುಮಕ್ಕಳಿಗೆ ಬಳೆ ತೊಡಿಸುತ್ತಿದ್ದ ಎಂಬುದೇ ಅವನ ಮೇಲಿದ್ದ ಸಾಕ್ಷಿ.

"ನಿನಗ ಹೆಂಗ ಗೊತ್ತಾತು ತಮ್ಮ?"

"ಅಂಗಡಿ ಮೇಲಿಗೂ ಒಂದು ನಕಲು ಬಂದಿತ್ರಿ. ತಪ್ಪಿ ಕಳಿಸ್ಯಾಳ."

"ಓಡಿ ಹೋಗಾಕಿ ಗಂಡಗ ನಕಲು ಹಾಕಿ ಓಡ್ತಾಳ? ಅರ್ಜಿ ಏನೋ ಇದು? ಅಸಲು ಮಿಂಡಗ, ನಕಲು ಗಂಡಗ, ಇನ್ನೊಂದು ತಹಸೀಲ್ದಾರಗ?"

ಗಾದೆಪ್ಪನಿಗೆ ನಗು ಬಂತು. ನಾಗಲಿಂಗಮ್ಮ ನೋಡಿದಳು. ನಗು ಅಲ್ಲೇ ಸತ್ತಿತು.

ಹಂಪಮ್ಮ ಕಸದಬುಟ್ಟಿಯ ಗುರುತನ್ನು ಒತ್ತಿದಳು. "ಮೇಲ್ ಅಳಿಸಿದ್ರ ಹೋತು ಅಂದ್ಕೊಂತಾರ ಎಲ್ಲಾರೂ. ಹೋಗಂಗಿಲ್ಲ. ತಿಪ್ಪಿಗೆ ಬೀಳ್ತೈತಿ, ತಿಂಗಳತನ ಅಲ್ಲೇ ನಾರ್ತಿರ್ತೈತಿ. ನೋಡಿಲ್ಲಿ."

ತಿಪ್ಪೆಯಲ್ಲಿ ಒಂದೇ ಕಾಗದವಿತ್ತು. ಪತ್ರ ಹೋದ ಮರುಗಳಿಗೆಯಲ್ಲೇ ಬಂದದ್ದು. ಮೇಲ್ ಕಂಪನಿಯವರೇ ಕಳಿಸಿದ್ದು: ಈ ವಿಳಾಸದಲ್ಲಿ ಯಾರೂ ಇಲ್ಲ, ನಿಮ್ಮ ಪತ್ರ ಮುಟ್ಟಲಿಲ್ಲ.

ಅಮರೇಶ್ ಮುಂದೆ ಬಾಗಿ ಅದನ್ನು ಎರಡು ಸಲ ಓದಿದ.

"ಯರ್ರಿಸ್ವಾಮಿ ಅನ್ನೋನೇ ಇಲ್ಲ ತಮ್ಮ," ಹಂಪಮ್ಮ ಮೆಲ್ಲಗೆ ಹೇಳಿದಳು. "ಇಲ್ದ ವಿಳಾಸಕ್ಕ ಬರ್ದಾರ. ಅದು ತಿರುಗಿ ಬಂತು, ಅದನ್ನ ಯಾರೋ ತಿಪ್ಪಿಗೆ ಹಾಕಿದ್ರು. ಪತ್ರ ಬರ್ದದ್ದು ಮಿಂಡಗಲ್ಲ, ನಿನಗ. ನಕಲೇ ಅಸಲು. ಬಳೆಗಾರನ ಕಾಲಿಗೆ ಈಗ ಏನ್ ಹೇಳ್ತಿ?"

ಅಮರೇಶ್ ಗೋಡೆಗೆ ಒರಗಿದ. ಬಾಯಿ ತೆರೆದ, ಮುಚ್ಚಿದ. ಕೆರೆಯಿಂದ ದಡಕ್ಕೆ ಬಿದ್ದ ಮೀನು ಇವನಿಗಿಂತ ಚೆನ್ನಾಗಿ ಮಾತಾಡುತ್ತದೆ.

"ಅಕಿನ ಮಾಡ್ಯಾಳ!" ನಾಗಲಿಂಗಮ್ಮ ಕೂಗಿದಳು. "ವಿಳಾಸ ತಪ್ಪಿ ಹಾಕ್ಯಾಳ. ತನ್ನ ಫೋನಿನ್ಯಾಗಿಂದ ಬರ್ದಾಳ. ಫೋನ್ ಅಕಿ ಹತ್ರಾನ ಐತಿ."

"ನನ್ ಫೋನ್ ನನ್ ಹತ್ರ ಇಲ್ರಿ." ಹೊಸ್ತಿಲ ಹೊರಗಿನಿಂದ ಪುಷ್ಪಲತಾಳ ಧ್ವನಿ. "ಅಮಾಸಿ ಪೂಜಿಗೆ ಅಂತ ಅತ್ತಿ ಇಸ್ಕೊಂಡಿದ್ರು. ವಾಪಸ್ ಕೊಡ್ಲಿಲ್ಲ."

"ಸುಳ್ಳಿ! ಪೂಜಿ ಆದ ಕೂಡ್ಲೆ ಕೊಟ್ಟೀನಿ."

ಈ ಮಂಡಿಯವರ ಮನೆಯಲ್ಲಿ ಅಮಾವಾಸ್ಯೆ ಬಂದರೆ ಯಂತ್ರವೆಲ್ಲ ದೇವರು. ತಕ್ಕಡಿ, ಕಂಪ್ಯೂಟರು, ಎಲ್ಲರ ಫೋನು ಮಣೆಯ ಮೇಲೆ ಕೂತು ವಿಭೂತಿ ಹಚ್ಚಿಸಿಕೊಳ್ಳುತ್ತವೆ. ಹಂಪಮ್ಮ ಇದನ್ನು ಬರುವಾಗಲೇ ಕೇಳಿಕೊಂಡಿದ್ದಳು. ಇನ್ನೊಂದನ್ನೂ ಕೇಳಿಕೊಂಡಿದ್ದಳು. ಈಗ ಅವಳು ದನಿಯನ್ನು ಬೆಣ್ಣೆ ಮಾಡಿದಳು.

"ನಾಗಲಿಂಗಮ್ಮಾರ, ನಿಮ್ ಮಡಿ ಬಗ್ಗೆ ಕೊಟ್ಟೂರೆಲ್ಲಾ ಹೊಗಳ್ತಾರ. ಆದ್ರ ನಾ ನಂಬಂಗಿಲ್ಲ ಬಿಡ್ರಿ. ಇಂಥಾ ಸೊಸಿನ ಇಟ್ಕೊಂಡು ಎಲ್ಲಿ ಮಡಿ? ಅಮಾಸಿ ದಿನ ಇಕಿ ಹೊರಗಾಗಿದ್ಲಂತ. ಹೊರಗಾದಾಕಿ ಪೂಜಿ ಕ್ವಾಣ್ಯಾಗ ಬಂದು, ಈ ಕಂಪ್ಯೂಟರ್ ಮುಟ್ಟಿ, ಮೈಲಿಗಿ ಮಾಡಿ..."

"ಯಾರಂದ್ರು?" ನಾಗಲಿಂಗಮ್ಮನ ಮೂಗಿನ ಹೊಳ್ಳೆಗಳು ಅರಳಿದವು. "ಯಾವ ನಾಲಿಗಿ ಅಂತು? ಹಿತ್ತಲ ಕಟಗಿ ಮನ್ಯಾಗ ಕುಂದ್ರಿಸಿ ಹೊರಗಿಂದ ಅಗಳಿ ಹಾಕಿದ್ದೆ ನಾನು! ನಾಕು ದಿನ! ಅನ್ನಾನೂ ಬಾಗ್ಲ ಸಂದಿಂದ ದಬ್ಬೀನಿ."

"ಕೊಳ್ಳಾಗ ಲಿಂಗ ಇದ್ದಾರಿಗೆ ಸೂತಕ ಇಲ್ಲಂತಾರಲ್ರಿ ನಿಮ್ಮಾರು?"

"ಅದು ಪುಸ್ತಕದಾಗ. ನಮ್ ಮನ್ಯಾಗ ನಮ್ಮತ್ತಿ ಕಾಲದಿಂದ ಹಿಂಗ ನಡದೈತಿ."

"ಹಂಗಾರ ಕಂಪ್ಯೂಟರ್ ಮುಟ್ಟಿಲ್ಲ. ಆದ್ರ ಫೋನ್? ಪೂಜಿ ಆದ ಕೂಡ್ಲೆ ಕೊಟ್ಟೆ ಅಂದ್ರಿ. ವಿಭೂತಿ ಹಚ್ಚಿದ್ ಫೋನಿನ್ನ ಹೊರಗಾದಾಕಿ ಕೈಯಾಗ..."

"ಕೊಡಾಕ ನನಗೇನು ಬುದ್ಧಿ ಕೆಟ್ಟೈತಾ? ಆ ಹೊಲಸು ಕೈಗೆ ದೇವ್ರ ಮುಂದಿನ ಸಾಮಾನು ಕೊಡ್ತೀನಾ? ಮುಟ್ಟಿಸಿಲ್ಲ! ಎದುರಿಗೂ ತಂದಿಲ್ಲ!"

ಅಂದ ಮೇಲೆ ಅವಳಿಗೆ ಕೇಳಿಸಿತು, ತಾನು ಅಂದದ್ದು.

ಆ ಬಾಯಿ ಕೊಟ್ಟೂರಿನಲ್ಲಿ ಮೂವತ್ತು ವರ್ಷದಿಂದ ಮುಚ್ಚಿರಲಿಲ್ಲ. ಈಗ ಮುಚ್ಚಿತು.

"ಕಂಪ್ಯೂಟರ್ ಮುಟ್ಟಿಲ್ಲ, ಫೋನ್ ಮುಟ್ಟಿಲ್ಲ," ಹಂಪಮ್ಮ ಬೆರಳು ಮಡಿಚಿದಳು. "ಹೊರಗಿಂದ ಅಗಳಿ ಬ್ಯಾರೆ. ಮತ್ತ ಹೆಂಗ ಬರ್ದಾಳ ಅಮ್ಮಾ? ಕಟಗಿ ಮ್ಯಾಲೆ ಕೆತ್ತಿ ಕಳಿಸಿದ್ಲಾ? ನಿಮ್ ಸೊಸಿ ನಿರಪರಾಧಿ ಅಂತ ನೀವ ಸಾಕ್ಷಿ ಹೇಳಿದ್ರಿ. ಸಂಜಿಗೆ ಹಿರೇರ ಮುಂದೂ ಇದ ಮಾತು ಹೇಳ್ರಿ, ಮಡಿ ಕೆಡಬಾರ್ದು ನೋಡ್ರಿ."

"ಯವ್ವಾ..." ಅಮರೇಶ್ ಅಂದ.

"ಸುಮ್ಕಿರೋ!"

"ಯವ್ವಾ, ಅಗಳಿ ಹಾಕಿದ್ದಿ ಅಂತ ನೀ ನನಗ ಹೇಳ್ಲಿಲ್ಲ."

"ಕೇಳಿದ್ಯೇನು ನೀನು?" ಪುಷ್ಪಲತಾ ಹೊರಗಿನಿಂದ ಹೇಳಿದಳು. ಜೋರಾಗಿಯೇನೂ ಹೇಳಲಿಲ್ಲ. ಆದರೆ ಅಮರೇಶ್ ಕಪಾಳಕ್ಕೆ ಬಿದ್ದವನಂತೆ ಮುಖ ಪಕ್ಕಕ್ಕೆ ತಿರುಗಿಸಿದ.

ಹಂಪಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಹಿರಿಯರೆಂದರೆ ಅವಳಿಗೆ ಗೊತ್ತು. ಸೊಸೆ ಬರೆದಿಲ್ಲ ಎಂದರೆ ಸಾಲದು, ಮತ್ತೆ ಯಾರು ಬರೆದರು ಎಂದು ಮೀಸೆ ತಿರುವುತ್ತಾರೆ. ಅವಳು ಕಂಪ್ಯೂಟರಿನಲ್ಲಿ ಯಾವ ಯಾವ ಪುಟ ತೆರೆದಿತ್ತೆಂಬ ಪಟ್ಟಿ ತೆಗೆದಳು. ದಿನದಿನದ್ದೂ ಇತ್ತು, ಅಮಾವಾಸ್ಯೆಯ ಮಧ್ಯಾಹ್ನದ್ದು ಮಾತ್ರ ಇರಲಿಲ್ಲ. ಅಂಗಳದಲ್ಲಿ ರಕ್ತ ಬಿದ್ದ ಒಂದೇ ಕಡೆ ಸಾರಿಸಿದ ಹಾಗಿತ್ತು.

"ಆವತ್ತು ಇಲ್ಲೇ ಕುಂತು ಬರ್ದಾರ. ಮನ್ಯಾಗ ಯಾರಿದ್ರಿ? ಗಾದೆಪ್ಪ, ಉಭಯ ಕುಶಲೋಪರಿ ಅಂತ ಬರಿಯೋದು ನಿಮ್ ಕಾಲದಾರು."

ಗಾದೆಪ್ಪ ಎರಡೂ ಕೈ ಎತ್ತಿ ಕೂಗಿದ ಸದ್ದು ಹರಪನಹಳ್ಳಿಗೆ ಕೇಳಿಸಿರಬೇಕು. "ನಾ ಇರ್ಲಿಲ್ರಿ! ಸಣ್ಣ ಸಾವ್ಕಾರ್ರ ಕೂಡ ಉಜ್ಜಿನಿಗೆ ಹೋಗಿದ್ದೆ, ಸಂಜಿಗೆ ಬಂದ್ವಿ. ಪತ್ರ ಅಂದ್ರ ಹಿಂಗ ಬರೀಬೇಕಂತ ದೊಡ್ಡ ಸಾವ್ಕಾರ್ರು ನಮಗ ಕಲಿಸಿದ್ದು ಖರೆ. ಆದ್ರ ನಾ ಇರ್ಲಿಲ್ರಿ!"

ಅಮರೇಶ್ ಹೌದೆಂದು ತಲೆಯಾಡಿಸಿದ.

"ಹಂಗಾರ ಉಳಿದಾಕಿ ಒಬ್ಬಾಕಿ." ಹಂಪಮ್ಮ ಕುರ್ಚಿ ತಿರುಗಿಸಿದಳು.

ನಾಗಲಿಂಗಮ್ಮ ನಕ್ಕುಬಿಟ್ಟಳು. ತನ್ನ ಎಡಗೈಯ ಹೆಬ್ಬೆರಳನ್ನು ಎತ್ತಿ ಹಂಪಮ್ಮನ ಮುಖದ ಮುಂದೆ ಹಿಡಿದಳು. "ನೋಡು ಪೊಲೀಸಮ್ಮ. ಹೆಬ್ಬೆಟ್ಟು. ನನ್ ಹೆಸ್ರು ಬರಿಯಾಕ ಬರಂಗಿಲ್ಲ ನನಗ. ನಾ ಬರೀತೀನಾ ಸಾಂಪ್ರತ ಗೀಂಪ್ರತ?"

ಅದೂ ನಿಜವೇ. ಅಮರೇಶನ ಮುಖವೇ ಹೇಳುತ್ತಿತ್ತು.

ಹಂಪಮ್ಮ ಮತ್ತೆ ಪರದೆಗೆ ತಿರುಗಿ, ಈ ಮೇಲ್ ಎಲ್ಲೆಲ್ಲಿ ತೆರೆದಿದೆ ಎಂದು ತೋರಿಸುವ ಜಾಗಕ್ಕೆ ಹೋದಳು. ಎರಡು ಕಡೆ. ಒಂದು, ಈ ಕಂಪ್ಯೂಟರು. ಇನ್ನೊಂದು, ಪುಷ್ಪಲತಾಳ ಕಳೆದುಹೋದ ಫೋನು. ಅದರ ಮುಂದೆ ಬರೆದದ್ದನ್ನು ಓದಿ ಅವಳ ಬೆನ್ನು ನೆಟ್ಟಗಾಯಿತು.

ಬಳಕೆಯಲ್ಲಿದೆ. ಈಗ.

"ಫೋನ್ ಜೀವಂತ ಐತಿ," ಅವಳು ಹೇಳಿದಳು. "ಯಾರೋ ದಿನಾ ಚಾರ್ಜ್ ಮಾಡ್ತಾರ. ಹುಡುಕಿ ನೋಡೂಣು, ಎಲ್ಲೈತಂತ. ಇಲ್ಲೊಂದು ಗುಂಡಿ ಐತಿ. ಒತ್ತಿದ್ರ, ಸೈಲೆಂಟ್ ಇದ್ರೂ ಫೋನ್ ಬಾಯಿ ಬಡ್ಕಂತೈತಿ. ಯಾರಾರ ಕೈಯಾರೆ ಬಂದ್ ಮಾಡೋತನ ಬಡ್ಕಂತೈತಿ."

"ಒತ್ತಬ್ಯಾಡ," ನಾಗಲಿಂಗಮ್ಮ ಅಂದಳು.

ಹಂಪಮ್ಮ ಒತ್ತಿದಳು.

ಎರಡು ಉಸಿರಿನಷ್ಟು ಏನೂ ಆಗಲಿಲ್ಲ. ಆಮೇಲೆ ಮನೆಯ ಒಳಗಿನಿಂದ ಕೂಗು ಎದ್ದಿತು. ಅಡುಗೆಮನೆಯ ಆಚೆ, ಬಾಗಿಲು ಮುಚ್ಚಿದ ನಡುಕೋಣೆ. ಒಳಗೆ ಅಮರೇಶನ ಅಪ್ಪ, ದೊಡ್ಡ ಸಾವ್ಕಾರ ಬೆನಕಪ್ಪ ಮಲಗಿದ್ದ. ಲಕ್ವಾ ಹೊಡೆದು ಎರಡು ವರ್ಷ. ಮಾತಿಲ್ಲ, ಕೈಯಿಲ್ಲ, ಕಾಲಿಲ್ಲ. ನೊಣ ಬಂದು ಮೂಗಿನ ಮೇಲೆ ಕೂತರೆ ಅದಾಗಿ ಎದ್ದು ಹೋಗಬೇಕು. ಪುಷ್ಪಲತಾ ಹೋದ ಮೇಲೆ ಆ ಕೋಣೆಗೆ ನಾಗಲಿಂಗಮ್ಮನನ್ನು ಬಿಟ್ಟು ಯಾರಿಗೂ ಪ್ರವೇಶವಿರಲಿಲ್ಲ.

ಫೋನು ಕೂಗುತ್ತಲೇ ಇತ್ತು. ಗಾದೆಪ್ಪ ಕಿವಿ ಮುಚ್ಚಿಕೊಂಡ.

ಕೂಗು ತಟ್ಟನೆ ನಿಂತಿತು.

"ಒಳಗ ಯಾರದಾರ?" ಹಂಪಮ್ಮ ಎದ್ದಳು.

"ಅಪ್ಪ." ಅಮರೇಶನ ದನಿ ಕೂಸಿನ ದನಿಯಾಗಿತ್ತು. "ಅಪ್ಪ ಒಬ್ರ."

ಹಂಪಮ್ಮ ನಾಲ್ಕು ದಾಪುಗಾಲಿಗೆ ಅಡುಗೆಮನೆ ದಾಟಿದಳು. ಆದರೆ ನಾಗಲಿಂಗಮ್ಮ, ಮೊಣಕಾಲು ನೋವೆಂದು ಏಳಲು ಇಬ್ಬರನ್ನು ಕರೆಯುವ ನಾಗಲಿಂಗಮ್ಮ, ಗಿಡುಗದ ಹಾಗೆ ಹಾರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ದಾರಿಯಲ್ಲೇ ಅವಳ ಕೈ ಗೌರಿಯ ರಟ್ಟೆ ಹಿಡಿದಿತ್ತು. ಕೂಸು ನೋವಿಗೆ ಚೀರಿತು.

"ತಗೊಂಡು ಹೋಗ್ರಿ!" ಅವಳು ಏದುಸಿರಿನಲ್ಲಿ ಹೇಳಿದಳು. ಕೂಸನ್ನು ಮುಂದಕ್ಕೆ ನೂಕಿದಳು. "ಈಗ್ಲೇ ತಗೊಂಡು ಹೋಗ್ರಿ. ಹಿರೇರ ಮುಂದ ನಾನ ಹೇಳ್ತೀನಿ, ನಾನ ಬರಿಸೀನಿ ಅಂತ. ನನ್ ಮುಖಕ್ಕ ಉಗೀಲಿ. ಈ ಬಾಗ್ಲ ಮಾತ್ರ ತೆಗಿಬ್ಯಾಡ್ರಿ."

ಪುಷ್ಪಲತಾ ಹೊಸ್ತಿಲು ದಾಟಿ ಬಂದಿದ್ದಳು. ತೆಂಗಿನ ಚಿಪ್ಪು ಹಿಂದೆ ಉರುಳಿ ನೀರು ಚೆಲ್ಲಿತ್ತು. ಗೌರಿ ಅವಳನ್ನು ಹತ್ತಿರದಿಂದ ನೋಡಿತು, ಮೂಸಿತು, ಆಮೇಲೆ ಕುತ್ತಿಗೆಗೆ ಜೋತುಬಿತ್ತು. ಸತ್ತ ಅವ್ವನ ವಾಸನೆ ಹೀಗಿರುವುದಿಲ್ಲವೆಂದು ನಾಲ್ಕು ವರ್ಷದ ಮೂಗಿಗೂ ಗೊತ್ತಾಗುತ್ತದೆ.

ಬಂದ ಕೆಲಸ ಮುಗಿದಿತ್ತು. ಕೂಸು ಅವ್ವನ ಕಂಕುಳಲ್ಲಿತ್ತು. ಹಂಪಮ್ಮ ಇಲ್ಲಿಗೇ ತಿರುಗಿ ಹೋಗಬಹುದಿತ್ತು.

ಹೋಗುವ ಜಾತಿಯವಳಲ್ಲ ಅವಳು. ನಾಗಲಿಂಗಮ್ಮನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಬಾಗಿಲಿಗೆ ಕೈ ಹಾಕಿದಳು.

ಹಿಂದಿನಿಂದ ಒಂದು ಕೈ ಬಂದು ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು. ಪುಷ್ಪಲತಾ.

"ಬ್ಯಾಡ್ರಿ ಅಕ್ಕಾರ," ಅವಳು ಪಿಸುಗುಟ್ಟಿದಳು. "ತೆಗಿಬ್ಯಾಡ್ರಿ. ನಿಮ್ ಕಾಲಿಗೆ ಬೀಳ್ತೀನಿ."

ಹಂಪಮ್ಮ ಒಬ್ಬಳ ಮುಖ ನೋಡಿದಳು, ಇನ್ನೊಬ್ಬಳ ಮುಖ ನೋಡಿದಳು. ಏಳು ವರ್ಷ ಒಂದೇ ಸೂರಿನಡಿ ಇದ್ದರೂ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂಬುದರಲ್ಲೂ ಒಂದು ಮಾತಿಗೆ ಬಾರದ ಅತ್ತೆ ಸೊಸೆ, ಈಗ ಒಂದೇ ಮಾತು ಆಡುತ್ತಿದ್ದರು. ಇಬ್ಬರ ಕಣ್ಣಿನಲ್ಲೂ ಒಂದೇ ಹೆದರಿಕೆ ಇತ್ತು.

"ನಿನಗ ಗೊತ್ತಿತ್ತು," ಹಂಪಮ್ಮ ಪುಷ್ಪಲತಾಳಿಗೆ ಹೇಳಿದಳು. "ಆತ ಏಳ್ತಾನ ಅಂತ ಮೊದಲಿಂದ್ಲೂ ಗೊತ್ತಿತ್ತು ನಿನಗ. ಅದಕ್ಕ ನಿನ್ನ ಹೊರಗ ಹಾಕಿದ್ರು."

ಪುಷ್ಪಲತಾ ಮಗಳ ಮುಖವನ್ನು ಸೆರಗಿನಲ್ಲಿ ಮುಚ್ಚಿದಳು.

ಬಾಗಿಲ ಆಚೆ, ಒಳಗಿನ ಅಗಳಿ ನಿಧಾನವಾಗಿ ಸರಿಯತೊಡಗಿತು.